ಅತ್ತೆಯನ್ನು ಹೊತ್ತುಕೊಂಡು ಹೋದ ಮೆಟ್ರೋ

ಎರಡು ವರ್ಷದ ಹಿಂದಿನ ಮಾತು. ಮಾವಿನ ಮರಗಳು ಹೂ ಬಿಟ್ಟಿದ್ದ ಕಾಲ. ಯಲ್ದೂರಿನಿಂದ ಅತ್ತೆ ಕೋಲಾರದ ನಮ್ಮ ಮನೆಗೆ ಬಂದು ತಿಂಗಳಾಗಿತ್ತು. ಕಾರು ಹತ್ತಿದರೆ ಅವರಿಗೆ ಹೊಟ್ಟೆ ತೊಳೆಸುತ್ತಿತ್ತು. ಹಾಗಾಗಿ ನಾವು ಎಲ್ಲಿಗೆ ಹೊರಟರೂ ಅವರು ಮನೆಯಲ್ಲೇ ಉಳಿಯುತ್ತಿದ್ದರು. ಒಂದು ಸಂಜೆ ಅವರೆಕಾಯಿ ಸುಲಿಯುತ್ತಾ, ಮಾವ ಇದ್ದಾಗ ಇಬ್ಬರೂ ಮಾಲೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿದ್ದು, ಕಬ್ಬನ್ ಪಾರ್ಕಿನ ಮರದ ಕೆಳಗೆ ಚಿತ್ರಾನ್ನ ತಿಂದಿದ್ದು ಎಲ್ಲ ಹೇಳಿದರು. ಅವರ ಮುಖ ನೋಡಿ ನನಗೇನನ್ನಿಸಿತೋ, ಈ ಶನಿವಾರ ಭಾನುವಾರ ನಾವಿಬ್ಬರೇ ಹೋಗಿಬರೋಣ, ಕಾರು ಬೇಡವೇ ಬೇಡ ಅಂದುಬಿಟ್ಟೆ.

ನಮ್ಮಿಬ್ಬರ ನಡುವೆ ಜಗಳ ಇರಲಿಲ್ಲ. ಅಂಥ ಸಲುಗೆಯೂ ಇರಲಿಲ್ಲ.

ಮಾಲೂರಿನವರೆಗೆ ಬಸ್ಸು, ಅಲ್ಲಿಂದ ವೈಟ್‌ಫೀಲ್ಡಿಗೆ ರೈಲು, ಆಮೇಲೆ ಮೆಟ್ರೋ, ರಾತ್ರಿಗೆ ಜಯನಗರದ ನನ್ನ ಅಕ್ಕನ ಮನೆ ಅಂತ ಲೆಕ್ಕ ಹಾಕಿಕೊಂಡೆ. ರೈಲಿನಲ್ಲಿ ಅತ್ತೆ ಕಿಟಕಿಗೆ ಮುಖ ಕೊಟ್ಟು ಕೂತವರು ತಲೆಸುತ್ತು ಅಂತ ಒಂದು ಸಲವೂ ಅನ್ನಲಿಲ್ಲ. ಮೆಟ್ರೋದಲ್ಲಿ ಜನವೋ ಜನ. ಯಾರೋ ಎದ್ದು ಅವರಿಗೆ ಸೀಟು ಬಿಟ್ಟುಕೊಟ್ಟರು.

ಕಬ್ಬನ್ ಪಾರ್ಕ್ ಬಂತು. ಬನ್ನಿ ಅತ್ತೆ ಅಂತ ಬ್ಯಾಗು ಹಿಡಿದು ನಾನು ಇಳಿದೆ. ಹಿಂದೆಯೇ ಬರುತ್ತಿದ್ದಾರೆ ಅಂದುಕೊಂಡು ತಿರುಗಿದರೆ ಬಾಗಿಲು ಮುಚ್ಚಿತ್ತು. ಅತ್ತೆ ಒಳಗೇ ಇದ್ದರು. ಅವರ ಹತ್ತಿರ ಫೋನಿಲ್ಲ, ಮಾತಾಡುವುದು ಹೆಚ್ಚಾಗಿ ತೆಲುಗು. ಗಾಡಿ ಹೊರಡುವಾಗ ಬುರ್ಖಾ ಹಾಕಿದ್ದ ಹೆಂಗಸೊಬ್ಬರು ಅತ್ತೆಯ ಹೆಗಲು ಹಿಡಿದುಕೊಂಡು, ಮುಂದಿನ ಸ್ಟೇಷನ್ನಿಗೆ ಬನ್ನಿ ಅನ್ನುವಂತೆ ಗಾಜಿನಾಚೆಯಿಂದ ನನಗೆ ಬೆರಳು ಮುಂದಕ್ಕೆ ತೋರಿಸಿದರು.

ಮುಂದಿನ ಗಾಡಿ ಬರುವಷ್ಟರಲ್ಲಿ ಏನೇನು ಕೆಟ್ಟ ಯೋಚನೆ ಬಂತೋ. ಗಂಡನಿಗೆ ಏನು ಹೇಳಲಿ ಅನ್ನುವುದೂ ತಲೆಗೆ ಬಂತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ನೋಡಿದರೆ, ಅತ್ತೆ ಆ ಹೆಂಗಸಿನ ಜೊತೆ ಬೆಂಚಿನ ಮೇಲೆ ಕೂತು ತೆಲುಗಿನಲ್ಲಿ ಹರಟುತ್ತಿದ್ದರು. ಆಕೆ ಮುಳಬಾಗಿಲಿನವರಂತೆ. ಮಗಳ ಬಾಣಂತನಕ್ಕೆ ಹೊರಟವರು, ಇವರಿಗಾಗಿ ಇಳಿದು ಕಾದಿದ್ದರು.

ನಾನು ಅಲ್ಲೇ ಅತ್ತುಬಿಟ್ಟೆ. ಆಕೆ ನನ್ನ ಬೆನ್ನು ಸವರಿ, "ಯಾಕಮ್ಮ ಅಳ್ತೀಯಾ? ನಿಮ್ಮಮ್ಮ ಒಂದು ಚೂರೂ ಹೆದರಲಿಲ್ಲ. ನನ್ ಮಗಳು ಬಂದೇ ಬರ್ತಾಳೆ ಅಂತ ಆರಾಮಾಗಿ ಕೂತಿದ್ರು" ಅಂದರು.

ಮಗಳಲ್ಲ, ಸೊಸೆ ಅಂತ ನಾನು ತಿದ್ದಲಿಲ್ಲ. ಅತ್ತೆಯೂ ತಿದ್ದಲಿಲ್ಲ. ಸೆರಗಿನಿಂದ ನನ್ನ ಕಣ್ಣು ಒರೆಸಿ, "ನಡಿಯೇ, ಹೊಟ್ಟೆ ಹಸೀತಿದೆ" ಅಂದರು ಅಷ್ಟೇ.

ಆಕೆಯ ಹೆಸರು ಕೇಳುವುದಕ್ಕೂ ನನಗೆ ತೋಚಲಿಲ್ಲ. ಬರುವ ಯುಗಾದಿಗೆ ಅತ್ತೆ ತೀರಿಕೊಂಡು ವರ್ಷವಾಗುತ್ತದೆ. ಅವರನ್ನು ನಾನು ಕೊನೆಯವರೆಗೂ ಅತ್ತೆ ಅಂತಲೇ ಕರೆದೆ. ಆದರೆ ಈಗ ಯಾರಾದರೂ ಅಮ್ಮನ ಮಾತೆತ್ತಿದರೆ, ಹೆತ್ತವಳ ಜೊತೆಗೇ ಅವರೂ ಕಣ್ಣ ಮುಂದೆ ಬರುತ್ತಾರೆ.