ಲೈಟಿಂಗ್ ಬೋರ್ಡಿಗೆ ಅಕ್ಷತೆ

ನಮ್ಮ ನಡುಮನೆಯ ಗೋಡೆಯ ಮೇಲೆ ಒಂದು ಸ್ವಿಚ್ ಬೋರ್ಡು ಇದೆ. ಅದರಲ್ಲಿರುವುದು ಆರೇ ಸ್ವಿಚ್ಚು. ಸರಸ್ವತಿಪುರಂನ ಈ ಮನೆಗೆ ಬಂದು ಇಪ್ಪತ್ತು ವರ್ಷ ಕಳೆದರೂ, ಫ್ಯಾನು ಹಾಕಲು ಹೋಗಿ ಗೇಟಿನ ದೀಪ ಹೊತ್ತಿಸುವ, ಆ ದೀಪವನ್ನು ಆರಿಸಲು ಹೋಗಿ ಟಿ.ವಿ.ಯನ್ನೇ ಆರಿಸಿ ಹೆಂಡತಿಯ ಕೋಪಕ್ಕೆ ಪಾತ್ರನಾಗುವ ನನ್ನ ಅಭ್ಯಾಸ ಅಬಾಧಿತವಾಗಿ ಸಾಗಿದೆ. ಇಂಥವನಿಗೆ ನಾಟಕದ ಲೈಟಿಂಗ್ ಬೋರ್ಡನ್ನು ಕಂಡರೆ ಭಯಭಕ್ತಿ ಹುಟ್ಟುವುದು ಸಹಜವೆಂದು ನೀವೂ ಒಪ್ಪುತ್ತೀರಿ.

ನಾನು ನಿವೃತ್ತ ಸಂಸ್ಕೃತ ಮೇಷ್ಟ್ರು, ಸಂಜೆ ಹೊತ್ತು ಹವ್ಯಾಸಿ ನಟ. ತಂಡದಲ್ಲಿ ಮುದುಕರ ಪಾತ್ರಗಳೆಲ್ಲ ನನಗೇ ಮೀಸಲು. ಆ ಮುದುಕರಲ್ಲಿ ಬಹುಪಾಲು ಜನ ನಾಟಕ ಮುಗಿಯುವವರೆಗೆ ಬದುಕುವುದಿಲ್ಲವಾದ್ದರಿಂದ ಸಾಯುವ ಕಲೆಯಲ್ಲಿ ನನಗೊಂದು ಪರಿಣತಿ ಸಿದ್ಧಿಸಿದೆ. ಬೆಳಕಿನ ಹೊಣೆ ಪುಷ್ಪಾಳದು. ಒಂದು ಕಾಲಕ್ಕೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಶಬ್ದರೂಪಗಳನ್ನು ನಿರ್ದಯವಾಗಿ ಕೊಲ್ಲುತ್ತಿದ್ದವಳು, ಈಗ ಮಂಡಿ ಮೊಹಲ್ಲಾದಲ್ಲಿ ಮಿಕ್ಸಿ, ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಯ ಒಡತಿ. ಸಂಜೆ ಬಾಗಿಲು ಎಳೆದು ನೇರ ತಾಲೀಮಿಗೆ ಬರುತ್ತಾಳೆ. ಎಂಟು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ. ದಿನವಿಡೀ ಬೇರೆಯವರ ಸುಟ್ಟ ಮೋಟಾರು ಬಿಚ್ಚುವ ತನಗೆ ಆ ಬೋರ್ಡಿನ ಮುಂದಿನ ಕುರ್ಚಿಯೊಂದೇ ಸ್ವಂತದ್ದು ಎಂದು ಒಮ್ಮೆ ಹೇಳಿದ್ದಳು.

ಒಂದು ಸಂಜೆ ಅವಳು ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಬೋರ್ಡಿನ ಮಹಿಮೆಯನ್ನು ಬೋಧಿಸಿದಳು. ಸಣ್ಣ ಸೀಳುಗಳಲ್ಲಿ ಮೇಲೆ ಕೆಳಗೆ ಜಾರುವ ಪುಟ್ಟ ಗುಂಡಿಗಳ ಸಾಲಿಗೆ ಫೇಡರುಗಳೆಂದು ಹೆಸರು. ಎಷ್ಟು ಮೇಲಕ್ಕೆ ಸರಿಸಿದರೆ ಅಷ್ಟು ಬೆಳಕು. ಯಾವ ದೃಶ್ಯಕ್ಕೆ ಯಾವ ದೀಪ ಎಷ್ಟಿರಬೇಕೆಂಬುದನ್ನು ಒಮ್ಮೆ ಹೇಳಿಕೊಟ್ಟರೆ ಬೋರ್ಡು ಜ್ಞಾಪಕದಲ್ಲಿಟ್ಟುಕೊಂಡು, ಪ್ರದರ್ಶನದ ದಿನ ಒಂದೇ ಗುಂಡಿ ಒತ್ತಿದ್ದಕ್ಕೆ ಅಷ್ಟನ್ನೂ ಚಾಚೂ ತಪ್ಪದೆ ಒಪ್ಪಿಸುತ್ತದೆ. ನನ್ನ ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ಇಂಥ ವಿದ್ಯಾರ್ಥಿ ನನಗೆ ಸಿಕ್ಕಿರಲಿಲ್ಲ. ಸೂರ್ಯ ಮುಳುಗಲು ನಲವತ್ತು ಸೆಕೆಂಡು ಬೇಕೆಂದರೆ ನಲವತ್ತೇ ತೆಗೆದುಕೊಳ್ಳುತ್ತದೆ. ರಂಗದ ಮೇಲೆ ಒಂದು ದೃಶ್ಯ ನಡೆಯುತ್ತಿರುವಾಗಲೇ ಯಾರ ಕಣ್ಣಿಗೂ ಬೀಳದಂತೆ ಮುಂದಿನ ದೃಶ್ಯದ ಬೆಳಕನ್ನು ತಿದ್ದಿಕೊಳ್ಳುವ ಅನುಕೂಲವೂ ಉಂಟು. ಮನಸ್ಸಿನಲ್ಲಿ ತಿದ್ದಿಕೊಂಡು ಆಮೇಲೆ ಬಾಯಿ ತೆರೆಯುವ ಈ ಸೌಲಭ್ಯ ನನಗಿದ್ದಿದ್ದರೆ ನನ್ನ ದಾಂಪತ್ಯದ ಅರ್ಧ ಜಗಳಗಳು ಹುಟ್ಟುತ್ತಲೇ ಇರಲಿಲ್ಲ. ಬಲತುದಿಯಲ್ಲಿ ಎಲ್ಲ ದೀಪಗಳಿಗೂ ಯಜಮಾನನಂಥ ಒಂದು ಫೇಡರು. ಅದನ್ನು ಇಳಿಸಿದರೆ ಇಡೀ ರಂಗ ಕತ್ತಲು.

ಫೇಡರುಗಳ ಕೆಳಗೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ಪುಷ್ಪಾ ತನ್ನ ಗುಂಡು ಅಕ್ಷರಗಳಲ್ಲಿ ಜಗಲಿ, ಕಿಟಕಿ, ಬಾವಿಕಟ್ಟೆ ಎಂದೆಲ್ಲ ಬರೆದಿದ್ದಳು. ಒಂದರ ಕೆಳಗೆ ‘ಮೇಷ್ಟ್ರ ಸಾವು’ ಎಂದಿತ್ತು. ಉಳಿದ ಬೆಳಕನ್ನೆಲ್ಲ ಬೋರ್ಡಿನ ಜ್ಞಾಪಕಕ್ಕೆ ಒಪ್ಪಿಸಿ, ನಾನು ಸಾಯುವ ಮಂಚದ ಮೇಲಿನ ದೀಪವನ್ನು ಮಾತ್ರ ಅವಳು ಕೈಯಿಂದಲೇ ನಡೆಸುತ್ತಿದ್ದಳು. ಏಕೆಂದು ಕೇಳಿದೆ.

“ನೀವು ಒಂದೊಂದು ದಿನ ಒಂದೊಂದು ಥರ ಟೈಮ್ ತಗೋತೀರಿ ಮೇಷ್ಟ್ರೇ, ಮಿಷನ್ನಿಗೆ ಎಂಗೆ ಹೇಳ್ಕೊಡೋದು?” ಎಂದಳು.

ನಾಟಕದ ಮೊದಲ ಪ್ರದರ್ಶನ ಆಯುಧಪೂಜೆಯ ಸಂಜೆಗೇ ಬಿತ್ತು. ಆ ದಿನ ನಮ್ಮೂರಿನಲ್ಲಿ ಆಟೋಗಳಿಂದ ಹಿಡಿದು ತರಕಾರಿ ತಕ್ಕಡಿಯವರೆಗೆ ಎಲ್ಲಕ್ಕೂ ಅರಿಸಿನ ಕುಂಕುಮ. ಬೋರ್ಡಿಗೇಕಿಲ್ಲ ಎಂದು ನಾನು ಕೇಳಿದ್ದಕ್ಕೆ ಪುಷ್ಪಾ, “ಹೂವು ಬೇಕಾದ್ರೆ ಮುಂದೆ ಇಡಿ. ಬೋರ್ಡ್ ಮೇಲೆ ಕುಂಕುಮ, ಅಕ್ಷತೆ ಏನೂ ಬ್ಯಾಡ ಕಣ್ರೀ ಮೇಷ್ಟ್ರೇ” ಎಂದು ಖಂಡಿತವಾಗಿ ಹೇಳಿ, ದೀಪಗಳನ್ನೆಲ್ಲ ಪರೀಕ್ಷಿಸಿ ಮುಗಿಸಿ, ಕಾಫಿಗೆ ಹೋದಳು. ನನಗೆ ಸಂಕಟವಾಯಿತು. ನಮ್ಮ ಮುಖಗಳಿಗೆಲ್ಲ ಬೆಳಕು ಕೊಡುವ ಈ ಪುಣ್ಯವಂತ ಯಂತ್ರಕ್ಕೆ ಒಂದು ಚಿಟಿಕೆ ಅಕ್ಷತೆಯ ಭಾಗ್ಯವೂ ಇಲ್ಲವೇ? ಮನೆಯಿಂದ ಪೊಟ್ಟಣದಲ್ಲಿ ತಂದಿದ್ದುದನ್ನು, ಕಣ್ಣು ಮುಚ್ಚಿ, ಯಥಾಶಕ್ತಿ ಸಮರ್ಪಿಸಿದೆ. ಕಾಣುತ್ತಿದ್ದ ಕಾಳುಗಳನ್ನು ಆಯ್ದು ತೆಗೆದೆ ಕೂಡ.

ಸಂಜೆ ನಾನು ಬಹಳ ಚೆನ್ನಾಗಿ ಸತ್ತೆ. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡಿದ್ದು ಕೇಳಿಸಿತು. ಕತ್ತಲಾದ ಮೇಲೆ ಮೂರು ಎಣಿಸಿ ಎದ್ದು ಹೋಗಬೇಕೆಂಬುದು ತಾಲೀಮಿನ ಕ್ರಮ. ಕಣ್ಣು ಮುಚ್ಚಿದ್ದವನಿಗೆ ಎಲ್ಲವೂ ಕತ್ತಲೇ ಅಲ್ಲವೇ? ಮೂರು ಎಣಿಸಿ ಎದ್ದೆ, ಪಂಚೆ ಬಿಗಿ ಮಾಡಿಕೊಂಡೆ, ದಿಂಬಿನಡಿಯಿಂದ ಕನ್ನಡಕ ತೆಗೆದು ಹಾಕಿಕೊಂಡೆ. ಹಾಕಿಕೊಂಡಾಗ ಗೊತ್ತಾಯಿತು, ಮಂಚದ ಮೇಲಿನ ದೀಪ ಇನ್ನೂ ಮಂದವಾಗಿ ಉರಿಯುತ್ತಿದೆ, ಶವವೊಂದು ಚಪ್ಪಲಿ ಹುಡುಕುವುದನ್ನು ಸಭೆಯೆಲ್ಲ ನೋಡುತ್ತಿದೆ ಎಂದು. ನಗು ಮೊದಲು ಹಿಂದಿನ ಸಾಲಿನಿಂದ ಬಂತು. ಪುಷ್ಪಾ ಯಜಮಾನ ಫೇಡರನ್ನು ಇಳಿಸಿ ಪೂರ್ತಿ ಕತ್ತಲು ಮಾಡುವಷ್ಟರಲ್ಲಿ ನಾಟಕ ಕೈಬಿಟ್ಟುಹೋಗಿತ್ತು.

ಜನ ಹೋದ ಮೇಲೆ ನಿರ್ದೇಶಕ ಮಹದೇವ ಬೋರ್ಡಿನ ಬಳಿ ಬಂದ. ನಾನೂ ಹಿಂದೆಯೇ ಹೋದೆ.

“ಎರಡು ತಿಂಗಳ ಕಷ್ಟ ಒಂದು ನಿಮಿಷದಲ್ಲಿ ಹಾಳಾಗ್ಬುಡ್ತು ಕಣಮ್ಮ. ಮುಂದಿನ ಷೋಗೆ ನಾನು ಬೇರೆಯವರನ್ನ ನೋಡ್ಕೋತೀನಿ” ಎಂದ.

ಪುಷ್ಪಾ ತಲೆ ತಗ್ಗಿಸಿ, ‘ಮೇಷ್ಟ್ರ ಸಾವು’ ಫೇಡರಿನ ಸೀಳಿನೊಳಗೆ ಸೂಜಿಯ ಮೊನೆ ಆಡಿಸುತ್ತಿದ್ದಳು. ಕೆಳತುದಿಯಲ್ಲಿ ಅಡ್ಡ ನಿಂತು, ಗುಂಡಿ ಪೂರ್ತಿ ಇಳಿಯದಂತೆ ತಡೆದಿದ್ದ ಒಂದು ವಸ್ತು ಹೊರಗೆ ಬಂತು. ಅರಿಸಿನದ ಅಕ್ಕಿಕಾಳು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು, ಮುಷ್ಟಿ ಮುಚ್ಚಿದಳು.

“ಧೂಳು ಸಿಕ್ಕಾಕೊಂಡಿತ್ತು ಸಾರ್. ನಾನು ನೋಡ್ಕೋಬೇಕಿತ್ತು.”

ಸುಮ್ಮನಿದ್ದರೆ ನಾನು ಉಳಿಯುತ್ತಿದ್ದೆ. ಒಂದು ಕ್ಷಣ ಸುಮ್ಮನಿದ್ದೆ ಕೂಡ. ಆ ಕ್ಷಣದ ಬಗ್ಗೆ ಇಂದಿಗೂ ನನಗೆ ನಾಚಿಕೆಯಿದೆ. ಆಮೇಲೆ ನನ್ನ ಗಂಟಲಿನಿಂದ, ರಂಗದ ಮೇಲೆ ಎಂದೂ ಬಾರದಷ್ಟು ಸಣ್ಣ ದನಿಯಲ್ಲಿ, ಮಾತು ಹೊರಟಿತು.

“ಧೂಳಲ್ಲಪ್ಪ ಮಹದೇವ, ಅಕ್ಷತೆ. ಇವಳು ಬೇಡ ಅಂದಿದ್ಲು. ಇವಳು ಆ ಕಡೆ ಹೋದಾಗ ನಾನೇ ಹಾಕ್ದೆ.”

ನನ್ನನ್ನು ಬೈಯಲು ಮಹದೇವನಿಗೆ ನನ್ನ ವಯಸ್ಸು ಅಡ್ಡ ಬಂದಿರಬೇಕು. “ಮುಂದಿನ ಷೋನೂ ನೀನೇ ಮಾಡಮ್ಮ” ಎಂದು ಪುಷ್ಪಾಳಿಗೆ ಹೇಳಿ ಹೊರಟುಹೋದ.

ಅವಳು ಚೀಲದಿಂದ ಮೆತ್ತನೆಯ ಕುಂಚವೊಂದನ್ನು ತೆಗೆದು ನನ್ನ ಕೈಗಿಟ್ಟಳು. ಒಂದೊಂದೇ ಸೀಳನ್ನು ಗುಡಿಸುತ್ತಾ ಹೋದಂತೆ, ಈ ಎಂಟು ವರ್ಷ ಪ್ರತಿ ಪ್ರದರ್ಶನಕ್ಕೂ ಮುಂಚೆ ಅವಳು ಇದೇ ಕೆಲಸ ಮಾಡುವುದನ್ನು ನಾನು ನೋಡಿಯೂ ನೋಡಿರಲಿಲ್ಲವೆಂಬುದು ನೆನಪಾಯಿತು. ಬೋರ್ಡಿನ ಗುಣಗಳನ್ನೆಲ್ಲ ಹೊಗಳಿದ್ದೆ, ಅದಕ್ಕೇನು ಬೇಕೆಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಪೂಜೆಯಲ್ಲಿ ಇನ್ನೂ ಏಳು ಕಾಳು ಸಿಕ್ಕವು.

ಎರಡನೆಯ ಪ್ರದರ್ಶನಕ್ಕೆ ಮೊದಲು, ಖಾಲಿ ಸಭಾಂಗಣದಲ್ಲಿ, ಸಾವಿನ ದೃಶ್ಯವನ್ನು ಮತ್ತೊಮ್ಮೆ ಮಾಡಿ ನೋಡಿದೆವು. ಸತ್ತೆ. ಮೂರು ಎಣಿಸಿದೆ. ಏಳಲು ಧೈರ್ಯ ಬರಲಿಲ್ಲ; ಹತ್ತಾಯಿತು, ಇಪ್ಪತ್ತಾಯಿತು, ಕಣ್ಣು ಬಿಡಲೂ ಹೆದರಿ ಹಾಗೇ ಮಲಗಿದ್ದೆ. ಆಗ ಸಭಾಂಗಣದ ಹಿಂದಿನಿಂದ ಪುಷ್ಪಾಳ ದನಿ ಬಂತು. ಆ ಸಂಜೆಯ ನಂತರ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

“ಪೂರ್ತಿ ಕತ್ತಲಾಗಿದೆ ಮೇಷ್ಟ್ರೇ. ಎದ್ದೇಳಿ.”