ಖಾನಾವಳಿಯ ಪರದೆ ಮತ್ತು ಎರಡು ಸಾಬೂನು

ಹಾನಗಲ್ಲಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹೊನ್ನವ್ವ ಖಾನಾವಳಿ ಇಟ್ಟು ಹದಿನಾರು ವರ್ಷವಾಯಿತು. ತಿಳವಳ್ಳಿಯ ತವರಿನಲ್ಲಿ ಐದು ಮಂದಿ ಅಣ್ಣತಮ್ಮಂದಿರ ನಡುವೆ ಒಬ್ಬಳೇ ಹೆಣ್ಣಾಗಿ ಬೆಳೆದವಳು. ಉಂಡ ತಾಟಿನಲ್ಲೇ ಕೈ ತೊಳೆಯುವ, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಎಸೆಯುವ, ತೇಗಿದ್ದು ಪಕ್ಕದ ಮನೆಗೆ ಕೇಳಿಸಿದರೆ ಹಿಗ್ಗುವ ಗಂಡಸರನ್ನು ಆಕೆ ಎಳವೆಯಲ್ಲೇ ಕಂಡು ಸಹಿಸಿದ್ದಳು. ಆದರೆ ಖಾನಾವಳಿಯ ಪರದೆಯ ವಿಷಯದಲ್ಲಿ ಆಕೆಯ ತಾಳ್ಮೆ ಸೋತಿತು.

ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಬಾಗಿಲಿರಲಿಲ್ಲ, ಒಂದು ಪರದೆಯಿತ್ತು. ಅದರ ಪಕ್ಕದಲ್ಲೇ ಗಂಡಸರು ಕೈ ತೊಳೆಯುವ ಬೇಸಿನ್ನು. ಅವರು ನಳಕ್ಕೆ ಬೆರಳ ತುದಿಯನ್ನಷ್ಟೇ ತೋರಿಸಿ, ನಾನಾ ರಾಗ ಹೊರಡಿಸುತ್ತ ಬಾಯಿ ಮುಕ್ಕಳಿಸಿ, ತಿರುಗಿಯೂ ನೋಡದೆ ಪರದೆಗೆ ಕೈ ಒರೆಸಿ ಹೋಗುತ್ತಿದ್ದರು. ಸೊಂಟದ ಎತ್ತರಕ್ಕೆ ಸರಿಯಾಗಿ ಬದನೆಕಾಯಿ ಎಣ್ಣೆಗಾಯಿಯ ಹಳದಿ ಪಟ್ಟಿಯೊಂದು ಅದರ ಮೇಲೆ ಕಾಯಂ ಆಗಿತ್ತು. ಹೋದ ದೀಪಾವಳಿಗೆ ಸೊಸೆ ಸುಧಾರಾಣಿ ತಿಳಿನೀಲಿ ಬಟ್ಟೆ ತಂದು ಹೊಸ ಪರದೆ ಹೊಲಿದು ಹಾಕಿದಳು. ಮೂರನೆಯ ದಿನ ಅದರ ಮೇಲೆ ಯಾರದೋ ಐದು ಬೆರಳು ಅಚ್ಚೊತ್ತಿದಂತೆ ಮೂಡಿದ್ದವು. ಹೊನ್ನವ್ವ ಮರುದಿನ ಬೆಳಿಗ್ಗೆ ಸ್ಟೂಲು ಹತ್ತಿ ಪರದೆ ಬಿಚ್ಚಿಟ್ಟಳು.

ಆ ಮಧ್ಯಾಹ್ನ ಬಸವಣ್ಣೆಪ್ಪ ಮಾಸ್ತರರು ಎಂದಿನಂತೆ ಉಂಡೆದ್ದರು. ಮೂವತ್ತು ವರ್ಷ ಶಾಲೆಯ ಮಕ್ಕಳ ಉಗುರು ನೋಡಿ ಬೆತ್ತ ಬೀಸಿ ನಿವೃತ್ತರಾದವರು. ಹೆಂಡತಿ ಮಗಳ ಬಾಣಂತನಕ್ಕೆ ಹಿರೇಕೆರೂರಿಗೆ ಹೋದಂದಿನಿಂದ ಅವರ ಊಟ ಇಲ್ಲೇ. ಅದೇ ಹೊತ್ತಿಗೆ ವಿಮಾ ಏಜೆಂಟ ರಾಘಣ್ಣ ಶೇಂಗಾ ಚಟ್ನಿಪುಡಿ ಒಯ್ಯಲು ಬಂದು, ಪರದೆ ಇದ್ದ ಜಾಗದಲ್ಲಿ ನಿಂತಿದ್ದ. ಸಂಜೆ ಸವಣೂರಿನ ಬೀಗರ ಮನೆಗೆ ಹೋಗುವುದಿತ್ತೆಂದು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ತೊಟ್ಟಿದ್ದ. ಮಾಸ್ತರರು ಕಣ್ಣು ಮುಚ್ಚಿ ಬಾಯಿ ಮುಕ್ಕಳಿಸಿದರು, ಮುಚ್ಚಿಕೊಂಡೇ ಪಕ್ಕಕ್ಕೆ ಕೈ ಚಾಚಿದರು. ಬಟ್ಟೆ ಸಿಕ್ಕಿತು. ಮೊದಲು ಅಂಗೈ ಒರೆಸಿದರು, ಆಮೇಲೆ ಮುಂಗೈ, ಕೊನೆಗೆ ಜುಬ್ಬಾದ ಅಂಚನ್ನು ಎತ್ತಿ ಮೀಸೆ.

ರಾಘಣ್ಣ ಬಲು ಮರ್ಯಾದಸ್ಥ. ಹಿರಿಯರು ಕೈ ಒರೆಸಿಕೊಳ್ಳುತ್ತಿರುವಾಗ ಸರಿದು ನಿಲ್ಲುವುದು ಹೇಗೆಂದು ಅಲ್ಲಾಡದೆ ನಿಂತ. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದ: “ಆತೇನ್ರಿ ಮಾಸ್ತರ?”

ಮಾಸ್ತರರು ಕಣ್ಣು ಬಿಟ್ಟರು. ನಾಚಿಕೆಗೆ ಏನು ಮಾಡಬೇಕೋ ತೋಚದೆ ಹೊನ್ನವ್ವನ ಮೇಲೆ ಹರಿಹಾಯ್ದರು.

“ಪರದಿ ತಗದದ್ದು ಒಂದ್ ಮಾತು ಹೇಳಬಾರದೇನವಾ?”

“ಪರದಿ ಇರೋದು ಕೈ ಒರಸಾಕಲ್ರಿ ಮಾಸ್ತರ,” ಎಂದಳು ಹೊನ್ನವ್ವ. “ಸಾಬಾನ ಅಲ್ಲೇ ಐತಿ. ನೀವು ಗಂಡಸರು ಅದನ್ನ ದೇವರಂಗ ದೂರದಿಂದ ನೋಡಿ ಹೊಕ್ಕೀರಿ.”

ಸುಧಾರಾಣಿ ಜುಬ್ಬಾ ಒಗೆದು ಒಲೆಯ ಬಳಿ ಹರವಿದಳು. ಅದು ಒಣಗುವವರೆಗೆ ರಾಘಣ್ಣ ಬನಿಯನ್ನಿನಲ್ಲೇ ಕುಳಿತು, ಬೇಡ ಬೇಡವೆನ್ನುತ್ತಲೇ ನಾಲ್ಕು ರೊಟ್ಟಿ ಮುಗಿಸಿದ. ಅಷ್ಟರಲ್ಲಿ ವಾದ ಬೆಳೆದಿತ್ತು. ಹೆಂಗಸರೇನೂ ಕಡಿಮೆಯಿಲ್ಲ, ಅವರ ಬೇಸಿನ್ನು ಹಿತ್ತಿಲಲ್ಲಿರುವುದರಿಂದ ಯಾರಿಗೂ ಕಾಣುವುದಿಲ್ಲ ಅಷ್ಟೇ ಎಂಬುದು ಮಾಸ್ತರರ ವಾದ. ಕೊನೆಗೆ ಎರಡೂ ಬೇಸಿನ್ನಿಗೆ ಒಂದೇ ದಿನ ಒಂದೊಂದು ಹೊಸ ಹಸಿರು ಸಾಬೂನು ಇಟ್ಟು, ಹದಿನೈದು ದಿನ ಬಿಟ್ಟು ಯಾವುದು ಎಷ್ಟು ಸವೆದಿದೆ ನೋಡುವುದೆಂದಾಯಿತು. ಜುಬ್ಬಾ ಕೊಳೆ ಮಾಡಿಸಿಕೊಂಡವನೇ ಪಂಚನಾಗಲಿ ಎಂದು ಇಬ್ಬರೂ ಒಪ್ಪಿದರು.

ಹದಿನೈದನೆಯ ದಿನ ರಾಘಣ್ಣ ಬಂದ. ಈ ಸಲ ಕಪ್ಪು ಅಂಗಿ ತೊಟ್ಟಿದ್ದ. ಗಂಡಸರ ಸಾಬೂನಿನ ಮೇಲೆ ಕಂಪನಿಯ ಹೆಸರು ಅಕ್ಷರ ಅಳಿಯದೆ ಓದಲು ಬರುತ್ತಿತ್ತು. ಒಣಗಿ ಬಿರುಕು ಬಿಟ್ಟಿತ್ತು, ಬಿರುಕಿನಲ್ಲಿ ಇರುವೆಗಳು ಓಡಾಡುತ್ತಿದ್ದವು. ಹೆಂಗಸರ ಸಾಬೂನಾದರೋ ನಾಲ್ಕನೆಯ ದಿನಕ್ಕೇ ತೀರಿಹೋಗಿತ್ತು, ಯಾರೋ ಒಬ್ಬಾಕೆ ಮಗುವಿನ ಚಡ್ಡಿಯನ್ನೂ ಅದರಲ್ಲೇ ಒಗೆದುಕೊಂಡು ಹೋಗಿದ್ದಳು. ಹೊನ್ನವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಮಾಸ್ತರರು ಸುಮ್ಮನಿರಲಿಲ್ಲ. ಹಿತ್ತಿಲ ಬೇಸಿನ್ನನ್ನು ಪೂರಾ ನೋಡೋಣ ಎಂದು ಕನ್ನಡಕ ಏರಿಸಿದರು. ಕನ್ನಡಿಯ ಮೇಲೆ ಅಂಟಿಸಿ ಬಿಟ್ಟಿದ್ದ ಹಣೆಯ ಟಿಕಳಿಗಳನ್ನು ಬೆರಳಿಟ್ಟು ಎಣಿಸಿದರೆ ಮೂವತ್ತೊಂದು. ನೀರು ಹೋಗುವ ತೂತಿನಿಂದ ಕಡ್ಡಿಯಲ್ಲಿ ಎಳೆದರೆ ಮೊಲದ ಮರಿಯಷ್ಟು ಕೂದಲು ಬಂತು. ಅದನ್ನು ಅವರು ಶಾಲೆಯಲ್ಲಿ ಪಾಠದ ಸಾಮಾನು ತೋರಿಸುವಂತೆ ಎತ್ತಿ ಹಿಡಿದರು.

ಹೊರಗಿನಿಂದ ಬಂದವರು ಬಿಟ್ಟುಹೋದದ್ದಕ್ಕೆ ತಾನೇನು ಮಾಡಲಿ ಎಂದಳು ಹೊನ್ನವ್ವ. ಸುಧಾರಾಣಿ ಮೆಲ್ಲಗೆ ಬಾಯಿ ಹಾಕಿದಳು: “ಅತ್ತಿ, ಆ ದೊಡ್ಡ ಕುಂಕುಮ ಬಣ್ಣದ್ದು ಒಂಬತ್ತು ನಿಮ್ಮವ ಅದಾವ.”

ಹೊನ್ನವ್ವ ರೊಟ್ಟಿ ಬಡಿದ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮೂವರೂ ಆ ಸೆರಗನ್ನೇ ನೋಡಿದರು. ಅದರ ಮೇಲೆ ಬೆಳಗಿನ ಚಹಾ, ಮಧ್ಯಾಹ್ನದ ಹುಳಿ, ಈಗಿನ ಹಿಟ್ಟು ಎಲ್ಲ ಸಾಲಾಗಿದ್ದವು. ಹೊನ್ನವ್ವನಿಗೇ ಮೊದಲು ನಗು ಬಂತು. ಅದೇ ಸೆರಗನ್ನು ಬಾಯಿಗೆ ಹಿಡಿದು ಅಲ್ಲೇ ಒರಳುಕಲ್ಲಿನ ಮೇಲೆ ಕುಸಿದು ಕುಳಿತಳು. ಪಂಚನ ತೀರ್ಪೇನು ಎಂದು ಮಾಸ್ತರರು ಕೇಳಿದಾಗ ರಾಘಣ್ಣ ಚಟ್ನಿಪುಡಿಯ ಪೊಟ್ಟಣ ಎತ್ತಿಕೊಂಡು, ತನಗೆ ಬಸ್ಸಿಗೆ ಹೊತ್ತಾಯಿತು ಎಂದ.

ಮರುದಿನದಿಂದ ಹೊನ್ನವ್ವ ಸೊಂಟಕ್ಕೊಂದು ಕೈ ಒರೆಸುವ ಚೌಕ ಸಿಕ್ಕಿಸಿಕೊಂಡಳು, ಟಿಕಳಿಗಳನ್ನು ಬ್ಲೇಡಿನಿಂದ ಕೆರೆದು ತೆಗೆದಳು. ಗಂಡಸರಿಗೆಂದು ಒಂದು ದಪ್ಪ ಟವೆಲ್ಲು ತೂಗುಹಾಕಿದಳು. ಅದನ್ನು ಯಾರೂ ಮುಟ್ಟಲಿಲ್ಲ. ಮಂದಿ ಒರೆಸಿದ ಟವೆಲ್ಲಿಗೆ ತಾವು ಒರೆಸುವುದು ಹೊಲಸೆಂದು, ಹದಿನಾರು ವರ್ಷ ಒಂದೇ ಪರದೆ ಹಂಚಿಕೊಂಡವರು ಪ್ಯಾಂಟಿಗೆ ಒರೆಸಿಕೊಂಡು ಹೋದರು.

ಬದಲಾದವರು ಮಾಸ್ತರರೊಬ್ಬರೇ, ಅದೂ ಅತಿಯಾಗಿ. ಈಗ ಅವರು ಊಟಕ್ಕೆ ಮೊದಲೇ ಮೊಣಕೈವರೆಗೆ ನೊರೆ ಹಚ್ಚುತ್ತಾರೆ, ಬೆರಳಿನ ಸಂದು ಉಜ್ಜುತ್ತಾರೆ, ಹಿಂದೆ ನಿಂತವರಿಗೆ ಅದರ ಕ್ರಮವನ್ನು ಒಂದೊಂದಾಗಿ ವಿವರಿಸುತ್ತಾರೆ. ಸಾಲು ಓಣಿಯವರೆಗೆ ಹೋಗುತ್ತದೆ. ಹೊನ್ನವ್ವ ಒಳಗಿನಿಂದ ಕೂಗುತ್ತಾಳೆ: “ಸಾಕು ಬರ್ರಿ ಮಾಸ್ತರ, ರೊಟ್ಟಿ ಆರಾಕತ್ತಾವ.”