ಪುಟ್ಟೇನಹಳ್ಳಿಯಲ್ಲಿ ಕಾಕವಿ ಕಾಯಿಸಿದ ಭಾನುವಾರ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ನಾನು ಮತ್ತು ನಮ್ಮ ಮನೆ ಓನರ್ ಜಯಮ್ಮ ಆಂಟಿ ಬಿಟಿಎಂ ಲೇಔಟಿನಿಂದ ಪುಟ್ಟೇನಹಳ್ಳಿಗೆ ಹೊರಟೆವು. ಆರೇಳು ಕಿಲೋಮೀಟರಿನ ದಾರಿ. ಆದರೂ ತವರಾದ ಆ ಊರಿಗೆ ಆಂಟಿ ಕಾಲಿಟ್ಟು ವರ್ಷಗಳೇ ಆಗಿದ್ದವು. ಕೆರೆ ಕೆಳಗಿನ ಗದ್ದೆ ಮಾರುವಾಗ ತಮ್ಮ ನಂಜಪ್ಪ ತನ್ನನ್ನು ಒಂದು ಮಾತೂ ಕೇಳಲಿಲ್ಲವೆಂಬ ನೋವು ಅವರಿಗೆ. ಈಗ ಆ ತಮ್ಮನೇ ಫೋನ್ ಮಾಡಿದ್ದರು. ಉಳಿದಿರುವ ಒಂದೇ ಸೈಟಿನಲ್ಲಿ ಕಬ್ಬು ಬೆಳೆದಿದೆ, ಮುಂದಿನ ತಿಂಗಳು ಅಲ್ಲಿ ಮನೆಗೆ ಪಾಯ ತೆಗೆಸಬೇಕು, ಅಷ್ಟರೊಳಗೆ ಅಪ್ಪ ಮಾಡುತ್ತಿದ್ದ ಹಾಗೆ ಒಂದು ಸಲ ಪಾಕ ಕಾಯಿಸೋಣ ಎಂದು.

ನಾನು ಗೋಕಾಕ ಕಡೆಯವಳು. ಬೆಲ್ಲವಾಗುವ ಮೊದಲೇ ಒಲೆಯಿಂದ ಇಳಿಸುವ ಆ ಜೇನಿನಂಥ ಪಾಕಕ್ಕೆ ನಮ್ಮಲ್ಲಿ ಕಾಕವಿ ಎನ್ನುತ್ತಾರೆ. ಅದನ್ನು ಚಪಾತಿಗೆ ಹಚ್ಚಿಕೊಂಡು ತಿಂದೇ ಬೆಳೆದೆ ಎಂದಿದ್ದಕ್ಕೆ ಆಂಟಿ, "ಹಂಗಾದ್ರೆ ನೀನೂ ಬಾರಮ್ಮ, ಒಬ್ಳೇ ಹೋಗಕ್ಕೆ ಮನ್ಸಿಲ್ಲ" ಎಂದರು.

ಬಸ್ಸಿನಲ್ಲಿ ಇಬ್ಬರಿಗೂ ಶೂನ್ಯ ಟಿಕೆಟ್. ಇಳಿಯುವ ಸ್ಟಾಪ್ ಬಂದರೂ ಆಂಟಿ ಏಳಲಿಲ್ಲ.

"ಇಲ್ಲೇ ಅಲ್ರೀ ಆಂಟಿ?"

"ವಾಪಸ್ ಹೋಗ್ಬಿಡೋಣ ಕಣಮ್ಮ."

ನಾನು ಅವರ ಬ್ಯಾಗು ಎತ್ತಿಕೊಂಡು ಇಳಿದುಬಿಟ್ಟೆ. ಅವರೂ ಇಳಿಯಲೇಬೇಕಾಯಿತು.

ಎರಡು ಅಪಾರ್ಟ್‌ಮೆಂಟುಗಳ ನಡುವೆ ಆ ಸೈಟು. ಕಬ್ಬಿನ ಹಾಲು ಮಾರುವವನೊಬ್ಬನ ಗಾಡಿಯನ್ನು ನಂಜಪ್ಪ ಅಲ್ಲಿಗೇ ಕರೆಸಿದ್ದರು. ಗೆಜ್ಜೆ ಕಟ್ಟಿದ ಅದರ ಯಂತ್ರ ಝಲ್ ಝಲ್ ಎನ್ನುತ್ತ ಕಬ್ಬು ಅರೆಯುತ್ತಿತ್ತು. "ಬಂದ್ಯಾ" ಎಂದಷ್ಟೇ ಹೇಳಿ ನಂಜಪ್ಪ ಒಲೆಯತ್ತ ತಿರುಗಿದರು. ಆಂಟಿ ನನ್ನೊಬ್ಬಳಿಗೇ ಹೇಳಿದರು: "ನಾವು ಚಿಕ್ಕೋರಿದ್ದಾಗ ಕೆರೆ ಪಕ್ಕ ಎತ್ತಿನ ಗಾಣ ಇತ್ತು. ಊರೋರೆಲ್ಲ ಸರದಿ ಮೇಲೆ ಕಬ್ಬು ತರೋರು. ಯಾರ ಪಾಕ ಇಳಿದ್ರೂ ಎಲ್ಲಾ ಮನೆಗೂ ಒಂದೊಂದು ಚೊಂಬು ಹೋಗೋದು."

ಕಬ್ಬಿನ ಹಾಲು ಅಗಲವಾದ ಬಾಣಲೆಯಲ್ಲಿ ಕುದಿಯತೊಡಗಿತು. ಮೇಲೆ ಬಂದ ಕೊಳೆ ನೊರೆಯನ್ನು ನಾನು ಜಾಲರಿಯಿಂದ ತೆಗೆದೆ. ಚಳಿ ಬಿಟ್ಟು ಬಿಸಿಲೇರಿತು, ಹೊಗೆಗೆ ಕಣ್ಣು ಉರಿಯಿತು. ಅಕ್ಕ ತಮ್ಮ ಮಾತ್ರ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಧ್ಯಾಹ್ನ ದಾಟಿದಾಗ ಪಾಕ ಕೆಂಪಗಾಗಿ, ದಪ್ಪ ಗುಳ್ಳೆಗಳೆದ್ದವು. ನಂಜಪ್ಪ ಒಂದು ತೊಟ್ಟು ತೆಗೆದು, ಆರಿಸಿ, ಬೆರಳುಗಳ ನಡುವೆ ಎಳೆದು ನೋಡಿದರು. "ಇನ್ನೂ ಸ್ವಲ್ಪ ಕಾಯ್ಲಿ..."

ಆಂಟಿ ದಡಕ್ಕನೆ ಎದ್ದರು. "ಲೋ ನಂಜ, ಇಳ್ಸೋ! ಗಟ್ಟಿ ಆಗೋಗುತ್ತೆ!"

"ಒಬ್ನೇ ಹೆಂಗ್ ಇಳ್ಸ್ಲಿ ಅಕ್ಕ?"

ಆಂಟಿ ಸೆರಗು ಸಿಕ್ಕಿಸಿ, ಕೈಗೆ ಒದ್ದೆ ಗೋಣಿ ಸುತ್ತಿಕೊಂಡು ಬಾಣಲೆಯ ಒಂದು ಹಿಡಿಕೆ ಬಳೆ ಹಿಡಿದರು, ಇನ್ನೊಂದನ್ನು ತಮ್ಮ. ಉಸಿರು ಬಿಗಿಹಿಡಿದು ಇಬ್ಬರೂ ಬಾಣಲೆಯನ್ನು ನೆಲಕ್ಕಿಳಿಸಿದರು. ಪಾಕ ನಿಧಾನವಾಗಿ ಸುಮ್ಮನಾಯಿತು.

"ಗದ್ದೆ ವಿಷ್ಯ ನಿನ್ನ ಕೇಳ್ಬೇಕಿತ್ತು ಅಕ್ಕ," ಎಂದರು ನಂಜಪ್ಪ, ಬಾಣಲೆ ನೋಡುತ್ತಲೇ.

"ಕೇಳ್ಬೇಕಿತ್ತು." ಆಂಟಿ ಪಾಕದಲ್ಲಿ ಅದ್ದಿದ ಚಮಚ ಚಾಚಿದರು. "ತಗೋ, ಮೊದ್ಲು ರುಚಿ ನೋಡು."

ಪಕ್ಕದ ಹೋಟೆಲಿನಿಂದ ತರಿಸಿದ ಬಿಸಿ ದೋಸೆಯ ಮೇಲೆ ಕಾಕವಿ ಸುರಿದುಕೊಂಡು ಮೂವರೂ ನೆಲದ ಮೇಲೇ ಕೂತು ತಿಂದೆವು. ನಮ್ಮೂರಿನದಕ್ಕಿಂತ ಸ್ವಲ್ಪ ತೆಳು, ತುಸು ಹೊಗೆ ವಾಸನೆ. ಆದರೂ ನಾನು ಮೂರು ದೋಸೆ ತಿಂದೆ.

ಸಂಜೆ ಹೊರಡಲು ಎದ್ದಾಗ ಆಂಟಿ, "ನೀನು ಹೋಗಮ್ಮ, ನಾನು ನಾಳೆ ಬರ್ತೀನಿ" ಎಂದರು. ನಂಜಪ್ಪ ಬಿತ್ತನೆಗೆಂದು ನಾಲ್ಕು ಕಬ್ಬು ಎತ್ತಿಟ್ಟಿದ್ದರು. ರಸ್ತೆ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡಿದೆ. ಬಿಟಿಎಂ ಮನೆಯ ಹಿತ್ತಲಿನಲ್ಲಿ ಆ ಕಬ್ಬನ್ನು ಎಲ್ಲಿ ನೆಡಬೇಕೆಂದು ಅಕ್ಕ ತಮ್ಮ ಗಟ್ಟಿಯಾಗಿ ಜಗಳವಾಡುತ್ತಿದ್ದರು.